ಜಪಾನಿನ ಮಕ್ಕಳು ಇಂಗ್ಲಿಷ್ ಕಲಿಯುವ ಬಗೆ



ಇಂಗ್ಲಿಷ್ ತಾಸು ಬಂದಾಗ ನಿಮ್ಮ ವರ್ಗದಲ್ಲಿ ಏನಾಗುತ್ತದೆ? ಕೆಲವರು ಉತ್ಸಾಹದಿಂದ ಪುಸ್ತಕ ತೆರೆಯುತ್ತಾರೆ. ಕೆಲವರು ಗುರುಗಳು ಎಲ್ಲಿ ಪ್ರಶ್ನೆ ಕೇಳುತ್ತಾರೋ ಎಂದು ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾರೆ. ‘ಎ’ ಎಲ್ಲಿ ಬರಬೇಕು, ‘ದ’ ಎಲ್ಲಿ ಬರಬೇಕು ಎಂದು ತಿಳಿಯದೆ ತಲೆ ಕೆರೆದುಕೊಳ್ಳುವವರೂ ಇದ್ದಾರೆ. “ನಾವು ಕನ್ನಡ ಶಾಲೆಯ ಮಕ್ಕಳು. ನಮಗೆ ಇಂಗ್ಲಿಷ್ ಎಲ್ಲಿಂದ ಬರಬೇಕು?” ಎಂದು ಮನಸ್ಸಿನಲ್ಲಿಯೇ ಅಂದುಕೊಳ್ಳುವವರೂ ಇರಬಹುದು. ಊರಿನಲ್ಲಿ ಕೆಲವು ಹಿರಿಯರು ಕೂಡ ಹೀಗೆ ಹೇಳುವುದನ್ನು ನೀವು ಕೇಳಿರಬಹುದು.

ಈ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸ್ವಂತ ಭಾಷೆಯಲ್ಲಿ ಶಾಲೆ ಕಲಿಯುತ್ತಲೇ ಇಂಗ್ಲಿಷನ್ನು ಶ್ರಮಪಟ್ಟು ಕಲಿಯುವ ಲಕ್ಷಾಂತರ ಮಕ್ಕಳು ಜಗತ್ತಿನಲ್ಲಿದ್ದಾರೆ. ಅವರಲ್ಲಿ ಜಪಾನಿನ ಮಕ್ಕಳೂ ಸೇರಿದ್ದಾರೆ. ಅವರು ಹೇಗೆ ಕಲಿಯುತ್ತಾರೆ? ಅವರಿಂದ ನಾವು ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು? ಬನ್ನಿರಿ, ನೋಡೋಣ.

ಜಪಾನಿನಲ್ಲಿ ಶಾಲೆಗಳು ಏಪ್ರಿಲ್ ತಿಂಗಳಲ್ಲಿ ಪ್ರಾರಂಭವಾಗುತ್ತವೆ. ಪ್ರಾಥಮಿಕ ಶಾಲೆ 6 ವರ್ಷ, ಕಿರಿಯ ಪ್ರೌಢಶಾಲೆ 3 ವರ್ಷ, ಹಿರಿಯ ಪ್ರೌಢಶಾಲೆ 3 ವರ್ಷ. ಗಣಿತ, ವಿಜ್ಞಾನ, ಇತಿಹಾಸ, ಭೂಗೋಲ ಎಲ್ಲವನ್ನೂ ಅಲ್ಲಿ ಜಪಾನಿ ಭಾಷೆಯಲ್ಲಿಯೇ ಕಲಿಸುತ್ತಾರೆ. ಇಂಗ್ಲಿಷ್ ಒಂದು ವಿಷಯ ಮಾತ್ರ. ಮೊದಲು ಅದು 7ನೆಯ ಇಯತ್ತೆಯಿಂದ ಆರಂಭವಾಗುತ್ತಿತ್ತು. 2011ರಲ್ಲಿ 5 ಮತ್ತು 6ನೆಯ ಇಯತ್ತೆಗಳಿಗೆ ಹಾಡು, ಆಟ, ಮಾತುಗಳ ಮೂಲಕ ಇಂಗ್ಲಿಷಿನ ಪರಿಚಯ ಕಡ್ಡಾಯವಾಯಿತು. 2020ರಿಂದ ಈ ಪರಿಚಯ 3ನೆಯ ಇಯತ್ತೆಯಲ್ಲಿಯೇ ಆಗುತ್ತದೆ. 5ನೆಯ ಇಯತ್ತೆಯಿಂದ ಇಂಗ್ಲಿಷ್ ಪೂರ್ಣ ವಿಷಯವಾಗಿದೆ. ನಮ್ಮ ಮಹಾರಾಷ್ಟ್ರದಲ್ಲಿಯೋ 2000ನೆಯ ಇಸವಿಯಿಂದ ಎಲ್ಲ ಮಾಧ್ಯಮದ ಮಕ್ಕಳೂ 1ನೆಯ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಯುತ್ತಾರೆ. ಎಂದರೆ ಈ ವಿಷಯದಲ್ಲಿ ನೀವು ಜಪಾನಿನ ಮಕ್ಕಳಿಗಿಂತ ಮುಂದೆ ಇದ್ದೀರಿ!

ಜಪಾನಿನ ಮಕ್ಕಳಿಗೆ ತಮ್ಮ ಭಾಷೆಯನ್ನು ಬರೆಯಲು ಕಲಿಯುವುದೇ ದೊಡ್ಡ ಕೆಲಸ. ಅವರಿಗೆ ಮೂರು ಬಗೆಯ ಬರಹಗಳಿವೆ. ಹಿರಗಾನ ಮತ್ತು ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರಗಳಿವೆ. ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರದಂಥ ಅಕ್ಷರಗಳಿವೆ. ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ ಮಗು 1026 ಕಾಂಜಿಗಳನ್ನು ಕಲಿಯಬೇಕು. ಇಷ್ಟೆಲ್ಲ ಕಲಿತ ಮೇಲೆ ಇಂಗ್ಲಿಷಿನ 26 ಅಕ್ಷರಗಳು ಅವರಿಗೆ ಭಾರವಲ್ಲ. ಭಾರವಾಗುವುದು ಇಂಗ್ಲಿಷ್ ವಾಕ್ಯ.

ಏಕೆ ಗೊತ್ತೇ? ಈ ವಾಕ್ಯಗಳನ್ನು ಗಟ್ಟಿಯಾಗಿ ಓದಿರಿ.

ಕನ್ನಡ: ನಾನು ರೊಟ್ಟಿ ತಿನ್ನುತ್ತೇನೆ.
ಮರಾಠಿ: ಮೀ ಭಾಕರೀ ಖಾತೋ.
ಜಪಾನಿ: ವತಾಶಿ ವ ಪಾನ್ ಒ ತಬೆಮಸು.
ಇಂಗ್ಲಿಷ್: ಐ ಈಟ್ ಬ್ರೆಡ್.

ಕನ್ನಡ, ಮರಾಠಿ, ಜಪಾನಿ ಈ ಮೂರರಲ್ಲಿಯೂ ಕ್ರಿಯಾಪದ ಕೊನೆಗೆ ಬಂದಿದೆ. ಇಂಗ್ಲಿಷಿನಲ್ಲಿ ಮಾತ್ರ ಅದು ನಡುವೆ ಬಂದು ಕುಳಿತಿದೆ. ಜಪಾನಿ ವಾಕ್ಯದಲ್ಲಿರುವ ‘ಒ’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ನಾವು ‘ರೊಟ್ಟಿಯನ್ನು’ ಎನ್ನುವ ಹಾಗೆ ಅವರು ‘ಪಾನ್ ಒ’ ಎನ್ನುತ್ತಾರೆ. ಇನ್ನೊಂದು ಸ್ವಾರಸ್ಯ ನೋಡಿರಿ. ಪಾನ್ ಎಂದರೆ ಬ್ರೆಡ್ಡು. ಈ ಶಬ್ದ ಪೋರ್ತುಗೀಜರಿಂದ ಜಪಾನಿಗೆ ಹೋಯಿತು. ನೀವು ಅಂಗಡಿಯಲ್ಲಿ ಕೊಳ್ಳುವ ವಡಾಪಾವಿನ ‘ಪಾವ್’ ಕೂಡ ಅದೇ ಪೋರ್ತುಗೀಜ ಶಬ್ದದಿಂದ ಬಂದದ್ದು! ಶಬ್ದಗಳು ಹಡಗು ಹತ್ತಿ ಎಷ್ಟು ದೂರ ಪಯಣ ಮಾಡುತ್ತವೆ ಅಲ್ಲವೇ?

ಇಂಗ್ಲಿಷಿನ ‘ಎ’ ಮತ್ತು ‘ದ’ ಜಪಾನಿ ಮಕ್ಕಳನ್ನೂ ಕಾಡುತ್ತವೆ. ಅವರ ಭಾಷೆಯಲ್ಲಿ ಅವು ಇಲ್ಲ, ನಮ್ಮಲ್ಲಿಯೂ ಇಲ್ಲ. ನಾವು ‘ಎರಡು ರೊಟ್ಟಿ’, ‘ಹತ್ತು ರೂಪಾಯಿ’ ಎನ್ನುತ್ತೇವೆ. ‘ಎರಡು ರೊಟ್ಟಿಗಳು’ ಎಂದು ಹೇಳಲೇಬೇಕೆಂದಿಲ್ಲ. ಜಪಾನಿಯವರೂ ಹಾಗೆಯೇ. ಆದರೆ ಇಂಗ್ಲಿಷಿನಲ್ಲಿ ಎರಡು ಪುಸ್ತಕವಾದ ಕೂಡಲೇ ‘ಬುಕ್ಸ್’ ಎನ್ನಲೇಬೇಕು. ಉಚ್ಚಾರದಲ್ಲಿಯೂ ಅವರಿಗೆ ಕಷ್ಟವಿದೆ. ಜಪಾನಿಯಲ್ಲಿ ‘ಲ’ ಮತ್ತು ‘ರ’ ಬೇರೆ ಬೇರೆ ಧ್ವನಿಗಳಲ್ಲ. ಹೀಗಾಗಿ ‘ಲೈಟ್’, ‘ರೈಟ್’ ಎರಡೂ ಅವರ ಬಾಯಲ್ಲಿ ‘ರೈತೊ’ ಆಗುತ್ತವೆ. ಶಬ್ದದ ಕೊನೆಗೆ ಸ್ವರ ಸೇರಿಸುವುದು ಅವರ ರೂಢಿ. ‘ಮಿಲ್ಕ್’ ಅವರಿಗೆ ‘ಮಿರುಕು’, ‘ಹೋಟೆಲ್’ ‘ಹೊತೆರು’, ‘ಬಸ್’ ‘ಬಸು’. ನಗು ಬಂತೇ? ನಾವು ‘ಬಸ್’ ಅನ್ನು ‘ಬಸ್ಸು’, ‘ಪೆನ್’ ಅನ್ನು ‘ಪೆನ್ನು’, ‘ಸ್ಕೂಲ್’ ಅನ್ನು ‘ಸ್ಕೂಲು’ ಮಾಡಿಕೊಂಡಿಲ್ಲವೇ? ಪ್ರತಿಯೊಂದು ಭಾಷೆಯೂ ಪರಭಾಷೆಯ ಶಬ್ದಕ್ಕೆ ತನ್ನ ಉಡುಪು ತೊಡಿಸುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಾಗಾದರೆ ಇಷ್ಟೊಂದು ಬೇರೆಯಾದ ಭಾಷೆಯನ್ನು ಜಪಾನಿನ ಮಕ್ಕಳು ಅಭ್ಯಾಸ ಮಾಡುವುದು ಹೇಗೆ?

ಅವರ ಒಂದು ಹಳೆಯ ಪದ್ಧತಿಗೆ ‘ಯಾಕುದೊಕು’ ಎಂದು ಹೆಸರು. ಎಂದರೆ ಅನುವಾದ ಮಾಡುತ್ತ ಓದುವುದು. ಸಾವಿರ ವರ್ಷಗಳಿಗೂ ಹಿಂದಿನಿಂದ ಜಪಾನಿನ ವಿದ್ವಾಂಸರು ಚೀನೀ ಗ್ರಂಥಗಳನ್ನು ಓದುತ್ತಿದ್ದರು. ಚೀನೀ ಭಾಷೆಯಲ್ಲಿಯೂ ಕ್ರಿಯಾಪದ ನಡುವೆ ಬರುತ್ತದೆ. ಆದ್ದರಿಂದ ಅವರು ಅಕ್ಷರಗಳ ಪಕ್ಕದಲ್ಲಿ ಸಣ್ಣ ಸಣ್ಣ ಗುರುತು ಹಾಕಿ, ಯಾವ ಶಬ್ದವನ್ನು ಮೊದಲು, ಯಾವುದನ್ನು ಆಮೇಲೆ ಓದಬೇಕೆಂದು ತೋರಿಸಿಕೊಳ್ಳುತ್ತಿದ್ದರು. ಮುಂದೆ ಇಂಗ್ಲಿಷ್ ಬಂದಾಗ ಅದನ್ನೂ ಹೀಗೆಯೇ ಓದತೊಡಗಿದರು. ನೀವೂ ಮಾಡಿ ನೋಡಬಹುದು. ‘ಐ ರೀಡ್ ಎ ಬುಕ್ ಇನ್ ದ ಲೈಬ್ರರಿ’ ಎಂಬ ವಾಕ್ಯ ತೆಗೆದುಕೊಳ್ಳಿರಿ. ‘ಐ’ ಕೆಳಗೆ 1, ‘ಇನ್ ದ ಲೈಬ್ರರಿ’ ಕೆಳಗೆ 2, ‘ಎ ಬುಕ್’ ಕೆಳಗೆ 3, ‘ರೀಡ್’ ಕೆಳಗೆ 4 ಎಂದು ಬರೆಯಿರಿ. ಈಗ ಅಂಕಿಗಳ ಕ್ರಮದಲ್ಲಿ ಕನ್ನಡದಲ್ಲಿ ಹೇಳಿರಿ: ‘ನಾನು ಗ್ರಂಥಾಲಯದಲ್ಲಿ ಪುಸ್ತಕ ಓದುತ್ತೇನೆ.’ ಜಪಾನಿ ಭಾಷೆಗೂ ಇದೇ ಕ್ರಮ ಹೊಂದುತ್ತದೆ!

ಇನ್ನೊಂದು ಸಾಧನ ಶಬ್ದಗಳ ಚೀಟಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಾರ್ಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿರುತ್ತಾರೆ. ಒಂದು ಬದಿಗೆ ಇಂಗ್ಲಿಷ್ ಶಬ್ದ, ಹಿಂಬದಿಗೆ ಅದರ ಅರ್ಥ. ರೈಲಿನಲ್ಲಿ ಹೋಗುವಾಗ, ಬಸ್ಸಿಗೆ ಕಾಯುವಾಗ ಒಂದೊಂದಾಗಿ ತಿರುವಿ ನೆನಪು ಮಾಡಿಕೊಳ್ಳುತ್ತಾರೆ. ಅಭ್ಯಾಸ ಪುಸ್ತಕಗಳಲ್ಲಿ ಉತ್ತರಗಳನ್ನು ಕೆಂಪು ಬಣ್ಣದಲ್ಲಿ ಮುದ್ರಿಸಿರುತ್ತಾರೆ. ಅದರ ಮೇಲೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಇಟ್ಟರೆ ಉತ್ತರ ಮಾಯವಾಗುತ್ತದೆ! ಮೊದಲು ತಾವೇ ಉತ್ತರ ಹೇಳಿ, ಆಮೇಲೆ ಹಾಳೆ ಸರಿಸಿ ತಾಳೆ ನೋಡುತ್ತಾರೆ. ಹೆಚ್ಚು ಖರ್ಚಿಲ್ಲದ ಎಂಥ ಜಾಣ ಉಪಾಯ!

ಮೂರನೆಯದು ಗಟ್ಟಿಯಾಗಿ ಓದುವುದು. ಅವರು ಇದಕ್ಕೆ ‘ಒಂದೊಕು’ ಎನ್ನುತ್ತಾರೆ. ಚಿಕ್ಕ ಇಯತ್ತೆಯ ಮಕ್ಕಳು ಜಪಾನಿ ಪಾಠವನ್ನು ಮನೆಯಲ್ಲಿ ತಾಯಿತಂದೆಗಳ ಮುಂದೆ ಗಟ್ಟಿಯಾಗಿ ಓದಬೇಕು. ಓದಿದ್ದನ್ನು ಕೇಳಿದ ಹಿರಿಯರು ಒಂದು ಕಾರ್ಡಿನಲ್ಲಿ ಗುರುತು ಮಾಡಿ ಶಾಲೆಗೆ ಕಳಿಸುತ್ತಾರೆ. ಈ ರೂಢಿ ಮುಂದೆ ಇಂಗ್ಲಿಷ್ ಓದಿಗೂ ನೆರವಾಗುತ್ತದೆ. ಉದ್ದ ವಾಕ್ಯ ಬಂದರೆ ಅರ್ಥ ನಿಲ್ಲುವ ಕಡೆಗೆಲ್ಲ ಪೆನ್ಸಿಲಿನಿಂದ ಒಂದು ಓರೆಗೆರೆ ಎಳೆದು, ತುಂಡು ತುಂಡಾಗಿ ಓದಿ ತಿಳಿದುಕೊಳ್ಳುವುದನ್ನೂ ಕಲಿಸುತ್ತಾರೆ. ದೊಡ್ಡ ರೊಟ್ಟಿಯನ್ನು ಒಂದೇ ತುತ್ತಿಗೆ ನುಂಗಲಾಗುವುದಿಲ್ಲ. ಮುರಿದು ಮುರಿದು ತಿನ್ನಬೇಕು. ವಾಕ್ಯವೂ ಹಾಗೆಯೇ.

ಓದಿದ್ದು ತಿಳಿಯಿತೇ ಎಂದು ಪರೀಕ್ಷಿಸಲು ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಮಾದರಿಗಾಗಿ ನಾನೇ ಒಂದು ಸೂಚನಾಫಲಕ ಬರೆದಿದ್ದೇನೆ, ಓದಿರಿ.

‘ಈಜುಕೊಳವು ಸೋಮವಾರದ ಹೊರತು ಪ್ರತಿದಿನ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. 12 ವರ್ಷಕ್ಕಿಂತ ಚಿಕ್ಕವರು ಹಿರಿಯರೊಂದಿಗೆ ಬರಬೇಕು.’

ಪ್ರಶ್ನೆ: 11 ವರ್ಷದ ಹುಡುಗನೊಬ್ಬ ಮಂಗಳವಾರ ಬೆಳಿಗ್ಗೆ 10ಕ್ಕೆ ಒಬ್ಬನೇ ಹೋದರೆ ಅವನನ್ನು ಒಳಗೆ ಬಿಡುವರೇ? ಸೋಮವಾರ ತಂದೆಯ ಜೊತೆಗೆ ಹೋದರೆ?

ಎರಡಕ್ಕೂ ‘ಇಲ್ಲ’ ಎಂಬುದೇ ಉತ್ತರ. ಆದರೆ ಈ ಉತ್ತರ ಫಲಕದಲ್ಲಿ ನೇರವಾಗಿ ಬರೆದಿಲ್ಲ, ಯೋಚಿಸಿ ತೆಗೆಯಬೇಕು. ‘ಹೊರತು’ ಎಂಬ ಸಣ್ಣ ಶಬ್ದವನ್ನು ಗಮನಿಸದೆ ಓದಿದವನು ಸೋಮವಾರ ಟವೆಲ್ಲು ಹಿಡಿದು ಹೋಗಿ, ಬೀಗ ನೋಡಿ ಮರಳಿ ಬರಬೇಕಾದೀತು! ವ್ಯಾಕರಣ ಏಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ. ಸಣ್ಣ ಶಬ್ದಗಳು, ಸಣ್ಣ ಪ್ರತ್ಯಯಗಳು ವಾಕ್ಯದ ಅರ್ಥವನ್ನೇ ತಿರುಗಿಸುತ್ತವೆ. ‘ನಾಯಿಯನ್ನು ಹುಡುಗ ಓಡಿಸಿದ’ ಮತ್ತು ‘ನಾಯಿ ಹುಡುಗನನ್ನು ಓಡಿಸಿತು’ ಇವೆರಡೂ ಒಂದೇ ಏನು?

ಇಲ್ಲಿಯವರೆಗೆ ಹೇಳಿದ್ದು ನಾವು ಮೆಚ್ಚಬೇಕಾದ ಸಂಗತಿಗಳು. ಆದರೆ ಎಲ್ಲವನ್ನೂ ಕಣ್ಣು ಮುಚ್ಚಿ ಮೆಚ್ಚಬಾರದು. ಜಪಾನಿನ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ಅನೇಕ ಮಕ್ಕಳು ಪರೀಕ್ಷೆಗಾಗಿಯೇ ಇಂಗ್ಲಿಷ್ ಓದುತ್ತಿದ್ದರು. ಹಗಲು ಶಾಲೆ, ಸಂಜೆ ‘ಜುಕು’ ಎಂಬ ಖಾಸಗಿ ಶಿಕವಣಿ. ಅಲ್ಲಿಯೂ ಬಿಟ್ಟ ಸ್ಥಳ ತುಂಬುವುದು, ತಪ್ಪು ತಿದ್ದುವುದು, ಅನುವಾದ ಮಾಡುವುದು. ಆರು ವರ್ಷ ಹೀಗೆ ಓದಿದರೂ ಪರದೇಶದವರು ಎದುರಿಗೆ ಬಂದು ದಾರಿ ಕೇಳಿದರೆ ಬಾಯಿ ಕಟ್ಟಿದಂತಾಗುತ್ತಿತ್ತು. ತಪ್ಪಾದೀತು ಎಂಬ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ.

ಜಪಾನಿನವರೇ ಈ ಕೊರತೆಯನ್ನು ಒಪ್ಪಿಕೊಂಡರು. 1987ರಲ್ಲಿ ಪರದೇಶದ ತರುಣ ತರುಣಿಯರನ್ನು ಕರೆಸಿ, ಶಾಲೆಗಳಲ್ಲಿ ಶಿಕ್ಷಕರ ಜೊತೆಗೆ ನಿಲ್ಲಿಸುವ ಯೋಜನೆ ಆರಂಭಿಸಿದರು. ವಿಶ್ವವಿದ್ಯಾಲಯ ಸೇರಲು ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಪರೀಕ್ಷೆಯಲ್ಲಿ 2006ರಿಂದ ಇಂಗ್ಲಿಷನ್ನು ಕೇಳಿ ತಿಳಿಯುವ ಭಾಗ ಸೇರಿತು. 2021ರಲ್ಲಿ ಆ ಪರೀಕ್ಷೆಯೇ ಬದಲಾಯಿತು. ಓದಿ ತಿಳಿಯುವುದಕ್ಕೆ 100 ಅಂಕ, ಕೇಳಿ ತಿಳಿಯುವುದಕ್ಕೆ 100 ಅಂಕ. ಬರಿಯ ವ್ಯಾಕರಣದ ಬಿಡಿ ಪ್ರಶ್ನೆಗಳನ್ನು ತೆಗೆದುಹಾಕಿದರು. ಸೂಚನಾಫಲಕ, ಪತ್ರ, ಕೋಷ್ಟಕಗಳನ್ನು ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳು ಬಂದವು. ವ್ಯಾಕರಣ ಬೇಡವೆಂದು ಇದರ ಅರ್ಥವಲ್ಲ. ವ್ಯಾಕರಣ ಊರಿನ ನಕಾಶೆ ಇದ್ದಂತೆ. ನಕಾಶೆ ಇದ್ದರೆ ದಾರಿ ತಪ್ಪುವುದಿಲ್ಲ, ನಿಜ. ಆದರೆ ನಕಾಶೆಯನ್ನು ಬಾಯಿಪಾಠ ಮಾಡಿ ಮನೆಯಲ್ಲಿಯೇ ಕುಳಿತರೆ ಊರು ಮುಟ್ಟುವುದುಂಟೇ?

ಈಗ ಇಬ್ಬರು ಜಪಾನೀಯರ ಕಥೆ ಕೇಳಿರಿ.

ಫುಕುಜಾವಾ ಯುಕಿಚಿ ಎಂಬ ತರುಣ ಬಹಳ ಕಷ್ಟಪಟ್ಟು ಡಚ್ ಭಾಷೆ ಕಲಿತಿದ್ದ. ಆ ಕಾಲದಲ್ಲಿ ಯುರೋಪಿನ ವಿದ್ಯೆ ಜಪಾನಿಗೆ ಆ ಭಾಷೆಯ ಮೂಲಕವೇ ಬರುತ್ತಿತ್ತು. 1859ರಲ್ಲಿ ಅವನು ಯೊಕೊಹಾಮಾ ಬಂದರಿಗೆ ಹೋದ. ಅಲ್ಲಿ ಪರದೇಶಿ ವ್ಯಾಪಾರಿಗಳ ಅಂಗಡಿಗಳ ಮೇಲಿನ ಫಲಕಗಳನ್ನು ಓದಲು ಅವನಿಗೆ ಆಗಲಿಲ್ಲ. ಅವು ಇಂಗ್ಲಿಷಿನಲ್ಲಿದ್ದವು! ವರ್ಷಗಟ್ಟಲೆ ಕಲಿತದ್ದು ಉಪಯೋಗಕ್ಕೆ ಬರಲಿಲ್ಲವಲ್ಲ ಎಂದು ಅವನಿಗೆ ದುಃಖವಾಯಿತು. ಆದರೆ ಅಳುತ್ತ ಕೂಡಲಿಲ್ಲ. ನಿಘಂಟು ಹಿಡಿದು ಇಂಗ್ಲಿಷನ್ನು ಮೊದಲಿನಿಂದ ಕಲಿಯತೊಡಗಿದ. ಡಚ್ ಗೊತ್ತಿದ್ದುದರಿಂದ ಇಂಗ್ಲಿಷ್ ಬೇಗ ಹಿಡಿತಕ್ಕೆ ಬಂತು. ಮುಂದೆ ತಾನು ಕಲಿತದ್ದನ್ನೆಲ್ಲ ಜನರಿಗೆ ತಿಳಿಯುವ ಹಾಗೆ ಜಪಾನಿ ಭಾಷೆಯಲ್ಲಿ ಬರೆದ. ಒಂದು ಭಾಷೆ ಕಲಿತ ಶ್ರಮ ಎಂದೂ ವ್ಯರ್ಥವಾಗುವುದಿಲ್ಲ. ಅದು ಮುಂದಿನ ಭಾಷೆಗೆ ಏಣಿಯಾಗುತ್ತದೆ.

ಎರಡನೆಯವಳು ತ್ಸುದಾ ಉಮೆಕೊ. 1871ರಲ್ಲಿ ಜಪಾನ್ ಸರಕಾರ ಐವರು ಹುಡುಗಿಯರನ್ನು ಓದಲು ಅಮೇರಿಕೆಗೆ ಕಳಿಸಿತು. ಎಲ್ಲರಿಗಿಂತ ಚಿಕ್ಕವಳು ಉಮೆಕೊ. ಆಗ ಅವಳಿಗೆ 6 ವರ್ಷ. ಅಲ್ಲಿಯೇ ಬೆಳೆದಳು, ಇಂಗ್ಲಿಷಿನಲ್ಲಿ ಜಾಣೆಯಾದಳು. 1882ರಲ್ಲಿ ತಾಯ್ನಾಡಿಗೆ ಮರಳಿದಾಗ ಏನಾಗಿತ್ತು ಗೊತ್ತೇ? ಜಪಾನಿ ಭಾಷೆಯನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದಳು! ಸ್ವಂತ ಮನೆಯಲ್ಲಿ ತಾಯಿಯೊಡನೆ ಮಾತನಾಡುವುದೂ ಕಷ್ಟವಾಯಿತು. ಅವಳು ಮತ್ತೆ ತನ್ನ ಭಾಷೆಯನ್ನು ಪರಭಾಷೆಯಂತೆ ಕಲಿಯಬೇಕಾಯಿತು. ಎದೆಗುಂದದೆ ಕಲಿತಳು. 1900ರಲ್ಲಿ ಹತ್ತು ಜನ ವಿದ್ಯಾರ್ಥಿನಿಯರೊಂದಿಗೆ ಹೆಣ್ಣುಮಕ್ಕಳಿಗಾಗಿ ಇಂಗ್ಲಿಷ್ ವಿದ್ಯಾಲಯ ತೆರೆದಳು. ಅದು ಇಂದು ವಿಶ್ವವಿದ್ಯಾಲಯವಾಗಿದೆ. 2024ರಲ್ಲಿ ಹೊರಬಂದ 5000 ಯೆನ್ನಿನ ನೋಟಿನ ಮೇಲೆ ಅವಳ ಚಿತ್ರವಿದೆ. ಇಂಗ್ಲಿಷ್ ಕಲಿತು ದೊಡ್ಡವಳಾದ ಉಮೆಕೊ ನಮಗೆ ಎರಡು ಪಾಠ ಹೇಳುತ್ತಾಳೆ. ಪರಭಾಷೆಯನ್ನು ಮನಃಪೂರ್ವಕ ಕಲಿಯಬೇಕು. ಆದರೆ ತಾಯಿಯೊಡನೆ ಆಡುವ ಮಾತನ್ನು ಕಳೆದುಕೊಳ್ಳಬಾರದು.

“ಸ್ವಂತ ಭಾಷೆಯಲ್ಲಿ ಓದಿದರೆ ದೊಡ್ಡವರಾಗುವುದು ಹೇಗೆ?” ಎಂದು ಯಾರಾದರೂ ಕೇಳಿದರೆ ಮಾಸುಕಾವಾ ತೊಶಿಹಿದೆ ಅವರ ಹೆಸರು ಹೇಳಿರಿ. ಈ ಭೌತವಿಜ್ಞಾನಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ಮಾತನಾಡುವುದು ಅವರಿಗೆ ಕಷ್ಟವಾಗಿತ್ತು. ಅವರು ನೊಬೆಲ್ ಉಪನ್ಯಾಸವನ್ನು ಜಪಾನಿ ಭಾಷೆಯಲ್ಲಿಯೇ ಕೊಟ್ಟರು. ಜಗತ್ತು ಕಿವಿಗೊಟ್ಟು ಕೇಳಿತು.

ಹಾಗೆಂದು ನಮಗೆ ಇಂಗ್ಲಿಷ್ ಬೇಡ ಎಂದು ತಿಳಿಯಬಾರದು. ಜಪಾನಿನ ಸ್ಥಿತಿ ಬೇರೆ, ನಮ್ಮದು ಬೇರೆ. ಅಲ್ಲಿ ಕಾಲೇಜಿನ ಪಾಠ, ಕಚೇರಿಯ ಕಾಗದ, ಕಾರಖಾನೆಯ ಕೆಲಸ ಬಹುತೇಕ ಜಪಾನಿಯಲ್ಲಿಯೇ ನಡೆಯುತ್ತವೆ. ಅಕ್ಕಲಕೋಟ, ಜತ್ತ, ಸೊಲ್ಲಾಪುರದ ಕಡೆಗಿನ ನಮ್ಮ ಮಕ್ಕಳಿಗೆ ಹಾಗಿಲ್ಲ. ಮನೆಯಲ್ಲಿ ಕನ್ನಡ, ತಹಸೀಲ್ ಕಚೇರಿಯಲ್ಲಿ ಮರಾಠಿ, ಪರ ಊರಿನಲ್ಲಿ ಹಿಂದಿ, ಮುಂದಿನ ಶಿಕ್ಷಣದಲ್ಲಿ ಇಂಗ್ಲಿಷ್. ನಾಲ್ಕೂ ಬೇಕು. ಇದನ್ನು ಕೆಲವರು ಹೊರೆ ಎನ್ನುತ್ತಾರೆ. ನಾನು ಇದನ್ನು ಸಂಪತ್ತು ಎನ್ನುತ್ತೇನೆ. ಜಪಾನಿನ ಅನೇಕ ಮಕ್ಕಳು ಮನೆಯಲ್ಲಿಯೂ ಬೀದಿಯಲ್ಲಿಯೂ ಒಂದೇ ಭಾಷೆ ಕೇಳಿ ಬೆಳೆಯುತ್ತಾರೆ. ಅವರಿಗೆ ಎರಡನೆಯ ಭಾಷೆಯೇ ಬೆಟ್ಟದಂತೆ ಕಾಣುತ್ತದೆ. ನೀವು ಕನ್ನಡದಲ್ಲಿ ಮಾತನಾಡುತ್ತಲೇ ಸಂತೆಯಲ್ಲಿ ಮರಾಠಿಗೆ ಹೊರಳುತ್ತೀರಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ಕಾಲುವೆ ನಿಮಗೆ ಆಗಲೇ ಪರಿಚಿತ. ‘ಲ’, ‘ಳ’, ‘ರ’ ಮೂರನ್ನೂ ಸ್ಪಷ್ಟವಾಗಿ ಉಚ್ಚರಿಸುವ ನಾಲಿಗೆ ನಿಮ್ಮದು. ಇಷ್ಟಿದ್ದೂ ಇಂಗ್ಲಿಷಿಗೆ ಅಂಜುವುದೇಕೆ?

ಇನ್ನು ಕೆಲವರು “ಇಂಗ್ಲಿಷ್ ಬರಬೇಕಾದರೆ ಕನ್ನಡ ಬಿಡಬೇಕು” ಎನ್ನುತ್ತಾರೆ. ಹೊಸ ಮನೆ ಕಟ್ಟುವವನು ಅಡಿಪಾಯ ಕಿತ್ತು ಕಲ್ಲು ತರುತ್ತಾನೆಯೇ? ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಯಾವುವು ಎಂದು ಚೆನ್ನಾಗಿ ತಿಳಿದವನಿಗೆ ಇಂಗ್ಲಿಷಿನಲ್ಲಿ ಅವು ಎಲ್ಲಿ ಕುಳಿತಿವೆ ಎಂದು ಹುಡುಕುವುದು ಸುಲಭ. ಕನ್ನಡ ಗದ್ಯವನ್ನು ಓದಿ ತಿಳಿಯಬಲ್ಲವನು ಇಂಗ್ಲಿಷ್ ಗದ್ಯವನ್ನೂ ತಿಳಿಯಬಲ್ಲ. ಏಕೆಂದರೆ ಶಬ್ದಗಳು ಬೇರೆಯಾದರೂ ಯೋಚಿಸುವ ತಲೆ ಒಂದೇ.

ಆದ್ದರಿಂದ ಮಿತ್ರರೇ, ಜಪಾನಿನ ಮಕ್ಕಳಿಂದ ಅವರ ನಿತ್ಯದ ಅಭ್ಯಾಸವನ್ನು ತೆಗೆದುಕೊಳ್ಳಿರಿ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಶಬ್ದಗಳ ಚೀಟಿ ಮಾಡಿರಿ. ದಿನಕ್ಕೆ ಐದೇ ಶಬ್ದ ಸಾಕು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿರಿ; ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ಅವಳ ಮುಂದೆ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿರಿ. ಅವಳಿಗೆ ತಿಳಿದರೆ ನಿಮಗೆ ತಿಳಿದಂತೆಯೇ. ಆದರೆ ಅವರ ಹಳೆಯ ಅಂಜಿಕೆಯನ್ನು ಮಾತ್ರ ತೆಗೆದುಕೊಳ್ಳಬೇಡಿರಿ. ತಪ್ಪಾದರೂ ಮಾತನಾಡಿರಿ. ಗೆಳೆಯರು ತಪ್ಪು ಮಾತನಾಡಿದರೆ ನಗಬೇಡಿರಿ. ಒಬ್ಬರ ನಗು ಇನ್ನೊಬ್ಬರ ಬಾಯಿಗೆ ಬೀಗ ಹಾಕುತ್ತದೆ.

ಕನ್ನಡದಲ್ಲಿ ಗಟ್ಟಿಯಾಗಿ ನಿಂತು, ಇಂಗ್ಲಿಷಿಗೆ ಧೈರ್ಯದಿಂದ ಕೈ ಚಾಚಿರಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಜಪಾನಿನಲ್ಲಿ ಶಾಲೆಗಳು ಯಾವ ತಿಂಗಳಲ್ಲಿ ಪ್ರಾರಂಭವಾಗುತ್ತವೆ?
2. ‘ಯಾಕುದೊಕು’ ಎಂದರೇನು?
3. ಯೊಕೊಹಾಮಾದಲ್ಲಿ ಫುಕುಜಾವಾನಿಗೆ ದುಃಖವಾದುದೇಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕನ್ನಡಕ್ಕೂ ಜಪಾನಿ ಭಾಷೆಗೂ ಇರುವ ಹೋಲಿಕೆಗಳು ಯಾವುವು?
2. ತ್ಸುದಾ ಉಮೆಕೊಳ ಜೀವನದಿಂದ ನೀವು ಏನು ಕಲಿತಿರಿ?
3. ‘ವ್ಯಾಕರಣ ಊರಿನ ನಕಾಶೆ ಇದ್ದಂತೆ.’ ಈ ಮಾತನ್ನು ನೀವು ಒಪ್ಪುವಿರಾ? ಏಕೆ?

ಇ) ಉಪಕ್ರಮ
ನಿಮ್ಮ ಊರಿನ ಬಸ್ ನಿಲ್ದಾಣ ಅಥವಾ ದವಾಖಾನೆಯಲ್ಲಿರುವ ಒಂದು ಸೂಚನಾಫಲಕವನ್ನು ಬರೆದುಕೊಂಡು ಬನ್ನಿರಿ. ಅದರ ಮೇಲೆ ಯೋಚಿಸಿ ಉತ್ತರಿಸಬೇಕಾದ ಎರಡು ಪ್ರಶ್ನೆ ತಯಾರಿಸಿ ಗೆಳೆಯರಿಗೆ ಕೇಳಿರಿ.